ಮಲೆನಾಡಿನ ಪ್ರವಾಸಕ್ಕೆ ಇಬ್ಬರ ಅಳತೆಯೇ ಸರಿ

ವಾರಾಂತ್ಯಕ್ಕೆ ಬೆಂಗಳೂರು ಬಿಟ್ಟು ಮಲೆನಾಡಿನ ಕಡೆ ಹೊರಡುವ ಕಾರುಗಳಲ್ಲಿ ಈಗ ಇಬ್ಬರೇ ಕೂತಿರುವ ಕಾರುಗಳು ಕಡಿಮೆಯೇನಲ್ಲ. ಪ್ರವಾಸ ಎಂದರೆ ಮನೆಮಂದಿಯೆಲ್ಲ ಸೇರಿ ಧರ್ಮಸ್ಥಳ, ಶೃಂಗೇರಿ, ಹೊರನಾಡು ಸುತ್ತಿ ಬರುವುದು ಎಂಬ ರೂಢಿ ಇನ್ನೂ ಇದೆ. ಅದರ ಪಕ್ಕದಲ್ಲೇ ಇನ್ನೊಂದು ರೂಢಿ ಬೆಳೆದಿದೆ. ಹೊಸದಾಗಿ ಮದುವೆಯಾದವರು, ಮಕ್ಕಳು ದೂರದೂರು ಸೇರಿದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದ ನಿವೃತ್ತ ದಂಪತಿ, ದುಡಿಮೆಯ ಒತ್ತಡದಿಂದ ಎರಡು ದಿನ ಬಿಡುವು ಬೇಡುವ ಜೋಡಿಗಳು ಈಗ ತಾವಾಗಿಯೇ ದಾರಿ ಹಿಡಿಯುತ್ತಾರೆ. ಇವರು ಕೇಳುವುದು ಹೆಚ್ಚೇನಲ್ಲ: ದಾರಿಯುದ್ದಕ್ಕೂ ಹಸಿರು, ಒಂದಿಷ್ಟು ಚಾರಣ, ದೋಣಿಯಲ್ಲಿ ಒಂದು ಸಂಜೆ, ನೆಮ್ಮದಿಯ ನಿದ್ದೆ. ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತ ಒಂದು ಗಂಟೆಯ ದಾರಿಯೊಳಗೆ ಇವೆಲ್ಲ ಇವೆ. ಆದರೂ ಈ ಕಾರುಗಳ ಪಾಲಿಗೆ ಭದ್ರಾವತಿ ದಾಟಿಹೋಗುವ ಊರು, ಶಿವಮೊಗ್ಗ ತಿಂಡಿ ತಿಂದು ಪೆಟ್ರೋಲ್ ಹಾಕಿಸುವ ಊರು. ಗಾಡಿ ನಿಲ್ಲುವುದು ಜೋಗದಲ್ಲಿ, ಆಗುಂಬೆಯಲ್ಲಿ, ಕೊಡಚಾದ್ರಿಯ ಬುಡದಲ್ಲಿ. ಈ ಊರುಗಳು ಪ್ರವಾಸಿಗರನ್ನು ಉಳಿಸಿಕೊಳ್ಳಲು ಇನ್ನಷ್ಟು ದೊಡ್ಡ ಆಕರ್ಷಣೆ ಕಟ್ಟಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇಲ್ಲಿನ ನದಿ, ಕಾಡು, ಊರು ಮೂರಕ್ಕೂ ಒಗ್ಗುವುದು ಜಾತ್ರೆಯ ಅಳತೆಯ ಪ್ರವಾಸೋದ್ಯಮವಲ್ಲ, ಇಬ್ಬರ ಅಳತೆಯದು ಎಂಬುದು ಈ ಲೇಖನದ ವಾದ.

ಮೊದಲು ಏನಿದೆ ಎಂದು ನೋಡೋಣ. ತುಂಗೆ ಶಿವಮೊಗ್ಗ ನಗರದೊಳಗೇ ಹರಿಯುತ್ತಾಳೆ, ಸುಮಾರು 20 ಕಿ.ಮೀ. ಆಚೆ ಭದ್ರೆ ಭದ್ರಾವತಿಯೊಳಗೆ ಹರಿಯುತ್ತಾಳೆ, ಇಬ್ಬರೂ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತಾರೆ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ತುಂಗಾ ಅಣೆಕಟ್ಟೆ, ಅದರ ಹಿನ್ನೀರಿನ ದಡದಲ್ಲಿ ಸಕ್ರೆಬೈಲು ಆನೆ ಬಿಡಾರ, ಇನ್ನೂ ಮುಂದಕ್ಕೆ ನಗರದಿಂದ 30 ಕಿ.ಮೀ. ಸುಮಾರಿಗೆ ಮಂಡಗದ್ದೆಯ ಪಕ್ಷಿಧಾಮ. ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ. ಭದ್ರಾವತಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಅಲ್ಲಿಂದ ಬಿ.ಆರ್. ಪ್ರಾಜೆಕ್ಟ್ ಹಾದು ಹೋದರೆ ಲಕ್ಕವಳ್ಳಿಯ ಭದ್ರಾ ಜಲಾಶಯ ಮತ್ತು ಅದಕ್ಕೆ ಅಂಟಿಕೊಂಡ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಕಾರಿನಲ್ಲಿ ಬಂದ ಇಬ್ಬರು ಎರಡು ರಾತ್ರಿ ಇದ್ದು ಅವಸರವಿಲ್ಲದೆ ನೋಡಿ ಮುಗಿಸಬಹುದಾದ ಸುತ್ತು ಇದು. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿ ಅದೇ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ವಿಮಾನ ಶುರುವಾದ ಮೇಲೆ, ಇಲ್ಲಿಗೆ ಬಂದಿಳಿದು ಬಾಡಿಗೆ ಕಾರು ಹಿಡಿಯುವ ದಾರಿಯೂ ತೆರೆದಿದೆ. ಕೊರತೆ ನೋಡುವ ಜಾಗಗಳದ್ದಲ್ಲ. ಅವನ್ನು ಎಷ್ಟು ಜನ, ಯಾವಾಗ, ಹೇಗೆ ನೋಡಬೇಕು ಎಂಬ ಲೆಕ್ಕಾಚಾರದ್ದು.

ಆ ಲೆಕ್ಕಾಚಾರ ಏಕೆ ಬೇಕು ಎಂಬುದನ್ನು ಭದ್ರಾ ಜಲಾಶಯ ಚೆನ್ನಾಗಿ ಹೇಳುತ್ತದೆ. 186 ಅಡಿಗೆ ತುಂಬುವ ಈ ಅಣೆಕಟ್ಟೆಯಲ್ಲಿ 71.5 ಟಿಎಂಸಿ ನೀರು ನಿಲ್ಲುತ್ತದೆ. ಬೇಸಿಗೆ ಬೆಳೆಗೆ ನಾಲೆಗಳಲ್ಲಿ ನೀರು ಬಿಡುತ್ತ ಹೋದಂತೆ ಜಲಾಶಯ ಇಳಿಯುತ್ತದೆ, ಮುಳುಗಿದ್ದ ದಿಬ್ಬಗಳ ನೆತ್ತಿ ಮೇಲೇಳುತ್ತದೆ. ಆ ಬೋಳು ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮರಿ ಮಾಡುತ್ತವೆ. ಇವು ಗೂಡು ಕಟ್ಟುವುದಿಲ್ಲ. ಹರಳುಕಲ್ಲಿನ ನೆಲದಲ್ಲಿ ಬೊಗಸೆಯಗಲದ ತಗ್ಗು ಮಾಡಿ ಮೊಟ್ಟೆ ಇಡುತ್ತವೆ, ಮೊಟ್ಟೆಯ ಮೇಲಿನ ಚುಕ್ಕೆಗಳು ಕಲ್ಲಿನ ಬಣ್ಣದಲ್ಲಿ ಬೆರೆತುಹೋಗಿರುತ್ತವೆ. ದೋಣಿಯೊಂದು ತೀರ ಹತ್ತಿರ ಬಂದರೆ ತಾಯಿಹಕ್ಕಿ ಎದ್ದು ಹಾರುತ್ತದೆ, ಅಷ್ಟು ಹೊತ್ತು ಮೊಟ್ಟೆ ಸುಡುಬಿಸಿಲಿಗೂ ಹದ್ದಿನ ಕಣ್ಣಿಗೂ ತೆರೆದುಕೊಳ್ಳುತ್ತದೆ. ಹಗಲಿಗೆ ನಾಲ್ಕೈದು ದೋಣಿ ದೂರದಿಂದ ನೋಡಿ ಮರಳಿದರೆ ಹಕ್ಕಿ ಸಹಿಸಿಕೊಳ್ಳಬಹುದು. ಮೋಟಾರು ದೋಣಿಗಳ ಸಾಲೇ ಬಂದರೆ ಒಂದು ಇಡೀ ಋತುವಿನ ಸಂತಾನ ಹಾಳಾಗುತ್ತದೆ. ಇದೇ ಹಕ್ಕಿಯ ಹೆಸರನ್ನು ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಇಲ್ಲಿನ ತನ್ನ ವಸತಿಗೃಹಕ್ಕೆ ಇಟ್ಟಿದೆ. ಜನ ನೋಡಲು ಬರುವುದೇ ಆ ಹಕ್ಕಿಯನ್ನು. ಹಕ್ಕಿ ಹೋದರೆ ಪ್ರವಾಸವೂ ಹೋಯಿತು.

ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001–02ರ ವೇಳೆಗೆ ಅದರೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ತಮ್ಮ ಗದ್ದೆ, ಮನೆ, ದೈವದ ಬನ ಬಿಟ್ಟು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಹೋಗಿ ನೆಲೆಸಿದವು. ದೇಶದಲ್ಲಿ ಹೆಚ್ಚು ಯಶಸ್ವಿಯಾದ ಪುನರ್ವಸತಿ ಎಂದು ಇದನ್ನು ಹೊಗಳಲಾಗುತ್ತದೆ. ಕಾಡಿಗೆ ಉಸಿರಾಡಲು ಜಾಗ ಬೇಕು ಎಂಬ ಕಾರಣಕ್ಕೆ ತಲೆಮಾರುಗಳಿಂದ ಅಲ್ಲಿದ್ದವರನ್ನು ಹೊರಗೆ ಕಳಿಸಿದ ಮೇಲೆ, ಅದೇ ಕಾಡಿನ ಅಂಚಿಗೆ ಧ್ವನಿವರ್ಧಕ, ನೂರು ಕೋಣೆಗಳ ರೆಸಾರ್ಟ್, ವೇಗದ ದೋಣಿಗಳನ್ನು ಕರೆತಂದರೆ ಆ ಕುಟುಂಬಗಳಿಗೆ ಏನೆಂದು ಉತ್ತರ ಹೇಳುವುದು? ಅವರ ತ್ಯಾಗಕ್ಕೆ ಒಂದು ಬೆಲೆ ಇರಬೇಕಾದರೆ ಹಿನ್ನೀರಿನ ಪ್ರವಾಸಕ್ಕೆ ಒಂದು ಮಿತಿ ಇರಲೇಬೇಕು.

ತುಂಗೆಯ ಕಡೆಯೂ ಪಾಠ ಇದೇ. ಸಕ್ರೆಬೈಲಿನಲ್ಲಿ ಬೆಳಗಿನ ಹೊತ್ತು ಮಾವುತರು, ಕಾವಾಡಿಗಳು ಆನೆಗಳನ್ನು ಹಿನ್ನೀರಿಗೆ ಇಳಿಸುತ್ತಾರೆ. ಆನೆ ಮಗ್ಗುಲಾಗಿ ನೀರಲ್ಲಿ ಮಲಗುತ್ತದೆ, ಮಾವುತ ಅದರ ಕಿವಿಯ ಹಿಂದೆ, ಕಾಲಿನ ಸಂದಿಯಲ್ಲಿ ಉಜ್ಜಿ ತೊಳೆಯುತ್ತಾನೆ, ಗಾಯವಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ಅದು ಆನೆಯ ಆರೈಕೆಯ ಹೊತ್ತು. ಸ್ನಾನ, ಮೇವು ಮುಗಿದ ಮೇಲೆ ಅವುಗಳಿಗೆ ಕಾಡಿನ ದಾರಿ. ನೋಡುವವರು ಹತ್ತಿಪ್ಪತ್ತು ಮಂದಿ ಇದ್ದರೆ ಮಾವುತನ ಬಾಯಿಂದ ಆ ಆನೆಯ ಹುಟ್ಟು, ಹಟ, ರುಚಿ ಎಲ್ಲ ಕೇಳಬಹುದು. ರಜೆಯ ದಿನದ ನೂಕುನುಗ್ಗಲಿನಲ್ಲಿ ಆನೆಗೂ ಕಿರಿಕಿರಿ, ಮಾವುತನಿಗೂ ಆತಂಕ, ಬಂದವರಿಗೆ ದಕ್ಕುವುದು ಒಂದು ಸೆಲ್ಫಿ. ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಎಕರೆಯೊಂದರ ಆಸುಪಾಸಿನ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ರಾಷ್ಟ್ರೀಯ ಹೆದ್ದಾರಿ ಅದರ ಮಗ್ಗುಲಲ್ಲೇ ಹಾದುಹೋಗುತ್ತದೆ. ಅಷ್ಟು ಪುಟ್ಟ ಜಾಗಕ್ಕೆ ಬಸ್ಸುಗಟ್ಟಲೆ ಜನ ಬಂದರೆ ನಿಲ್ಲಿಸಲು ನೆಲವೂ ಇಲ್ಲ, ಹಕ್ಕಿಗೆ ನೆಮ್ಮದಿಯೂ ಇಲ್ಲ. ಈ ಜಾಗಗಳೆಲ್ಲ ಸ್ವಭಾವದಿಂದಲೇ ಚಿಕ್ಕವು. ಅವುಗಳ ಚೆಲುವು ಇರುವುದೇ ಆ ಚಿಕ್ಕತನದಲ್ಲಿ.

ಜೀವರಕ್ಷಣೆಯ ದೃಷ್ಟಿಯಿಂದ ನೋಡಿದರೂ ತೀರ್ಮಾನ ಬದಲಾಗದು. 2016ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗದ ಹಾಡೋನಹಳ್ಳಿ ಬಳಿ ತುಂಗಭದ್ರೆಯಲ್ಲಿ ಗಣೇಶನನ್ನು ಬಿಡಲು ಹೋದ ತೆಪ್ಪ ಮಗುಚಿ 12 ಮಂದಿ ಸತ್ತರು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿ 16 ಮಂದಿ ಹೋದರು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ, ಮೀನುಗಾರಿಕೆ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿ ಮಿತಿ ಮೀರಿ ಜನ ತುಂಬಿಸಿದ್ದರಿಂದ 22 ಜೀವ ಹೋಯಿತು. ನೀರು, ಊರು, ಸಂದರ್ಭ ಬೇರೆ ಬೇರೆಯಾದರೂ ದೋಣಿಯ ತಾಕತ್ತಿಗಿಂತ ಹೆಚ್ಚು ಜನ ಹತ್ತುವುದು ಮತ್ತೆ ಮತ್ತೆ ಕಾಣುವ ಕಾರಣ. ಹತ್ತಿಸುವವನಿಗೆ ಇನ್ನೊಂದು ಟಿಕೆಟ್ಟಿನ ಆಸೆ, ಹತ್ತುವವನಿಗೆ ಕತ್ತಲಾಗುವುದರೊಳಗೆ ಹೋಗಿಬರುವ ಆತುರ. ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಬಂದಿದೆ. ಯಂತ್ರಚಾಲಿತ ದೋಣಿಗೆ ನೋಂದಣಿ, ತಪಾಸಣೆ, ನಡೆಸುವವನಿಗೆ ಅರ್ಹತಾ ಪತ್ರ, ವಿಮೆ ಎಲ್ಲವನ್ನೂ ಅದು ಕೇಳುತ್ತದೆ. ಆದರೆ ಕಾಯ್ದೆ ದಡದವರೆಗೆ ಇಳಿದು ಬರಬೇಕಾದರೆ ಅಲ್ಲಿ ಎಣಿಸಬಹುದಾದಷ್ಟು ದೋಣಿಗಳಿರಬೇಕು, ಎಣಿಸುವವನೂ ಒಬ್ಬನಿರಬೇಕು. ಬಕಲ್ ಮುರಿದ ಲೈಫ್ ಜಾಕೆಟ್ಟನ್ನು ಹೆಗಲಿಗೆ ಸುಮ್ಮನೆ ತೂಗುಹಾಕಿಕೊಂಡು ಕೂತವನು ನಿಯಮ ಪಾಲಿಸಿದಂತೆ ಕಾಣುತ್ತಾನೆ. ನೀರಿಗೆ ಬಿದ್ದ ಕ್ಷಣ ಅದು ಕಳಚಿ ತೇಲಿಹೋಗುತ್ತದೆ. ಆರು ಜನರ ದೋಣಿಯಲ್ಲಿ ಪ್ರತಿಯೊಬ್ಬರ ಬಕಲ್ ಎಳೆದು ನೋಡಲು ಸಮಯವಿರುತ್ತದೆ. ಅರವತ್ತು ಜನರ ದೋಣಿಯಲ್ಲಿ ಅದು ಆಗುವ ಮಾತಲ್ಲ.

ದೊಡ್ಡ ದೋಣಿಗೂ ಚಿಕ್ಕ ದೋಣಿಗೂ ಇರುವ ಈ ಅಂತರಕ್ಕೆ ಕೇರಳದ ತೇಕ್ಕಡಿಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ಅಲ್ಲಿನ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಕೆರೆಯಲ್ಲಿ 2009ರ ಸೆಪ್ಟೆಂಬರ್ 30ರಂದು ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಮಡಿದರು. ಅದೇ ಕಾಡಿನಲ್ಲಿ, ಅದೇ ನೀರಿನ ಮೇಲೆ ಬಿದಿರಿನ ತೆಪ್ಪದಲ್ಲಿ ಹತ್ತರ ಆಸುಪಾಸಿನ ಪ್ರವಾಸಿಗರನ್ನು ಮಾತ್ರ ಕರೆದೊಯ್ಯುವ ಕಾರ್ಯಕ್ರಮವೂ ನಡೆಯುತ್ತಿದೆ. ಅರ್ಧ ದಿನ ನಡಿಗೆ, ಅರ್ಧ ದಿನ ತೆಪ್ಪ, ಜೊತೆಗೆ ಸ್ಥಳೀಯ ಮಾರ್ಗದರ್ಶಿಗಳು. ಪೆರಿಯಾರ್‌ನ ಪರಿಸರ ಅಭಿವೃದ್ಧಿ ಸಮಿತಿಗಳಲ್ಲಿ, ಹಿಂದೆ ಕಾಡಿನಲ್ಲಿ ಕದ್ದು ದಾಲ್ಚಿನ್ನಿ ತೊಗಟೆ ಕೀಳುತ್ತಿದ್ದವರ ಸಮಿತಿಯೂ ಒಂದು. ಕಾಡನ್ನು ಕದಿಯುತ್ತಿದ್ದವರೇ ಕಾಡನ್ನು ತೋರಿಸುವವರೂ ಕಾಯುವವರೂ ಆದರು. ನಮ್ಮ ಜಿಲ್ಲೆಯಲ್ಲೂ ಇಂಥ ಶಿಸ್ತಿಗೆ ಉದಾಹರಣೆ ಇದೆ. ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚು ದಶಕಗಳ ಕಾಲ ತುಮರಿ ಭಾಗದ ಜನರ ಜೀವನಾಡಿಯಾಗಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗುವವರೆಗೂ ಆಸ್ಪತ್ರೆಗೆ, ಶಾಲೆಗೆ, ಪೇಟೆಗೆ ಅದೇ ದಾರಿ. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಯಾತ್ರಿಕರು ಗೊಣಗಿದರೂ ನಿಯಮ ಸಡಿಲಾಗುತ್ತಿರಲಿಲ್ಲ. ಮಿತಿ ಹೇಳಿ ಅದನ್ನು ಪಾಲಿಸುವುದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.

ದೋಣಿಯಷ್ಟೇ ಮುಖ್ಯವಾದದ್ದು ದೋಣಿಯ ಕೆಳಗಿನ ನೀರು. ಗಂಗಾ ಸ್ನಾನ, ತುಂಗಾ ಪಾನ ಎಂಬ ಗಾದೆಯನ್ನು ಹೆಮ್ಮೆಯಿಂದ ಹೇಳುವ ಊರಿನಲ್ಲಿ ಚರಂಡಿಯ ಕೊಳಚೆ ತುಂಗೆಗೆ ಸೇರುವುದು ಇನ್ನೂ ನಿಂತಿಲ್ಲ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನದಿತೀರಕ್ಕೆ ನಡಿಗೆದಾರಿ, ಉದ್ಯಾನ ಬಂದಿವೆ. ಅಲ್ಲಿ ಸಂಜೆ ಕೂತವರ ಮೂಗಿಗೆ ನೀರಿನ ವಾಸನೆ ಬಡಿದರೆ ಕಲ್ಲುಹಾಸು ಎಷ್ಟು ಚೆಂದವಿದ್ದು ಏನು ಉಪಯೋಗ? ಶೃಂಗೇರಿಯಿಂದ 2024ರ ನವೆಂಬರ್‌ನಲ್ಲಿ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ನದಿಯ ಉದ್ದಕ್ಕೂ ಇದೇ ಮಾತನ್ನು ಜನರ ಮುಂದಿಟ್ಟಿತು. ನದಿ ಶುದ್ಧಿಗೆ ಖರ್ಚು ಮಾಡುವುದು ಪ್ರವಾಸೋದ್ಯಮಕ್ಕೆ ಖರ್ಚು ಮಾಡಿದಂತೆಯೇ ಸರಿ, ಮತ್ತು ಅದರ ಮೊದಲ ಲಾಭ ಆ ನೀರು ಕುಡಿಯುವ ಊರಿನವರಿಗೆ. ಇಬ್ಬರು ಅತಿಥಿಗಳು ನೀರಿಗೆ ಕೈಯಿಳಿಬಿಟ್ಟು ಕೂರಬಲ್ಲಷ್ಟು ತುಂಗೆ ತಿಳಿಯಾದರೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಗಟ್ಟಿಯಾದದ್ದು ಭದ್ರಾವತಿಯ ಆಕ್ಷೇಪ: ನಮಗೆ ಬೇಕಾಗಿರುವುದು ಸಾವಿರಾರು ಕೆಲಸ, ನೀವು ಇಬ್ಬಿಬ್ಬರ ಲೆಕ್ಕ ಹೇಳುತ್ತೀರಲ್ಲ! 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಈ ಊರನ್ನು ಕಟ್ಟಿದವು. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಈಗ ವಿಐಎಸ್‌ಎಲ್ ಎಂದು ಕರೆಯಲಾಗುವ ಆ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಪ್ರವಾಸೋದ್ಯಮ ಕಾರ್ಖಾನೆಯ ಜಾಗ ತುಂಬುತ್ತದೆ ಎಂದು ಹೇಳಿದರೆ ಅದು ಆ ಕಾರ್ಮಿಕರಿಗೆ ಮಾಡುವ ಮೋಸ. ಕಾರ್ಖಾನೆಯ ಹೋರಾಟ ಬೇರೆ, ಅದು ನಡೆಯಲೇಬೇಕು. ಆದರೆ ಪ್ರವಾಸೋದ್ಯಮ ದೊಡ್ಡದಾದಷ್ಟೂ ಊರಿಗೆ ಸಿಗುವ ಪಾಲು ದೊಡ್ಡದಾಗುತ್ತದೆ ಎಂಬುದೂ ನಿಜವಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೋಗುವ ಐವತ್ತು ಮಂದಿ ಬಿಟ್ಟುಹೋಗುವುದು ಚಹಾದ ದುಡ್ಡು ಮತ್ತು ಪ್ಲಾಸ್ಟಿಕ್ ಬಾಟಲಿ. ಎರಡು ರಾತ್ರಿ ಉಳಿಯುವ ಒಂದು ಜೋಡಿ ಹೋಂಸ್ಟೇಯ ಕೋಣೆಗೆ, ಕಡುಬು–ಅಕ್ಕಿರೊಟ್ಟಿಯ ಊಟಕ್ಕೆ, ದೋಣಿಯವನಿಗೆ, ಚಾರಣದ ಮಾರ್ಗದರ್ಶಿಗೆ ಹಣ ಕೊಡುತ್ತದೆ. ಹೋಗುವಾಗ ಅಪ್ಪೆಮಿಡಿ ಉಪ್ಪಿನಕಾಯಿ, ಜೇನು ಕೊಂಡೊಯ್ಯುತ್ತದೆ. ಆ ಹಣ ಹಂಚಿಹೋಗುವುದು ಊರಿನ ಹತ್ತಾರು ಮನೆಗಳಿಗೆ. ದೋಣಿಯ ಎಂಜಿನ್ ದುರಸ್ತಿ, ಬೆಸುಗೆ, ತಪಾಸಣೆಗೆ ಬೇಕಾದ ಫಿಟ್ಟರ್, ವೆಲ್ಡರ್‌ಗಳು ಭದ್ರಾವತಿಯಲ್ಲಿರುವಷ್ಟು ಮಲೆನಾಡಿನ ಇನ್ನಾವ ಊರಿನಲ್ಲಿದ್ದಾರೆ? ಕಾರ್ಖಾನೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ವಿಶ್ವೇಶ್ವರಯ್ಯನವರು ಉಳಿಸಿ ಬೆಳೆಸಿದ ಉಕ್ಕಿನ ಊರಿನ ಚರಿತ್ರೆಗೆ ಒಳ್ಳೆಯ ವಸ್ತುಸಂಗ್ರಹಾಲಯವೊಂದನ್ನು ಕಟ್ಟಿದರೆ, ನಿವೃತ್ತ ಕಾರ್ಮಿಕರಿಗಿಂತ ಚೆನ್ನಾಗಿ ಅದನ್ನು ವಿವರಿಸುವವರು ಯಾರು?

ಎರಡನೆಯ ಆಕ್ಷೇಪ, ಇದು ಉಳ್ಳವರ ಪ್ರವಾಸವಾಗುತ್ತದೆ, ಬಸ್ಸಿನಲ್ಲಿ ಬರುವ ಬಡವರು, ಶಾಲೆಯ ಮಕ್ಕಳು ದಡದಲ್ಲೇ ನಿಲ್ಲಬೇಕಾಗುತ್ತದೆ ಎಂಬುದು. ಈ ಆತಂಕ ನ್ಯಾಯವಾದದ್ದು. ಮಿತಿಯನ್ನು ಬೆಲೆಯಿಂದ ಹೇರಿದರೆ ಖಂಡಿತ ಹಾಗಾಗುತ್ತದೆ. ಆದ್ದರಿಂದ ಮಿತಿ ಇರಬೇಕಾದದ್ದು ಸಂಖ್ಯೆಯಲ್ಲಿ, ಬೆಲೆಯಲ್ಲಲ್ಲ. ದಿನಕ್ಕೆ ಇಂತಿಷ್ಟು ದೋಣಿ ಸುತ್ತು ಎಂದು ನಿಗದಿ ಮಾಡಿ, ಅದರಲ್ಲಿ ಒಂದು ಪಾಲನ್ನು ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ, ಇನ್ನೊಂದು ಪಾಲನ್ನು ಕಡಿಮೆ ದರದ ಟಿಕೆಟ್ಟಿಗೆ ಮೀಸಲಿಡಲು ಯಾವ ಅಡ್ಡಿಯೂ ಇಲ್ಲ. ಆರು ಮಕ್ಕಳು ಒಂದು ದೋಣಿಯಲ್ಲಿ ಮಾರ್ಗದರ್ಶಿಯ ಜೊತೆ ಹೋದರೆ ಹಕ್ಕಿಯ ಹೆಸರು ಕಲಿತು ಬರುತ್ತಾರೆ. ಅರವತ್ತು ಮಕ್ಕಳನ್ನು ಒಂದರಲ್ಲಿ ತುಂಬಿದರೆ ಕಲಿಕೆಯೂ ಇಲ್ಲ, ಕ್ಷೇಮವೂ ಇಲ್ಲ. 2024ರ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡ ದುರಂತ ಇನ್ನೂ ಹಸಿಯಾಗಿದೆ. ಬಡವರ ಮಕ್ಕಳಿಗೂ ಸುರಕ್ಷಿತವಾದ, ಸಾವಧಾನದ ಸುತ್ತಾಟ ಸಿಗಬೇಕು ಎನ್ನುವುದೇ ನಿಜವಾದ ಸಮಾನತೆ.

ಮೂರನೆಯದನ್ನು ಜನ ವೇದಿಕೆಯಲ್ಲಿ ಹೇಳುವುದು ಕಡಿಮೆ, ಆದರೆ ನಡವಳಿಕೆಯಲ್ಲಿ ತೋರಿಸುತ್ತಾರೆ: ಜೋಡಿಗಳು ಬರುವುದು ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂಬ ಭಾವನೆ. ತಾಳಿಯತ್ತ ಹಾಯುವ ನೋಟ, ಮದುವೆಯ ದಾಖಲೆ ಕೇಳುವ ಲಾಡ್ಜಿನ ಕೌಂಟರು, ಹಿನ್ನೀರಿನ ದಡದಲ್ಲಿ ಕೂತವರನ್ನು ಎಬ್ಬಿಸಿ ಪ್ರಶ್ನಿಸುವ ಪುಂಡರು ಒಂದು ಊರಿನ ಹೆಸರು ಕೆಡಿಸಲು ಸಾಕು. ವಯಸ್ಕರಿಬ್ಬರು ಗುರುತಿನ ಚೀಟಿ ಕೊಟ್ಟು ಕೋಣೆ ಪಡೆಯುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಮದುವೆಯಾಗದ ಜೋಡಿ ಒಂದೇ ಕೋಣೆಯಲ್ಲಿ ತಂಗುವುದು ಅಪರಾಧವಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅತಿಥಿಯನ್ನು ಅನುಮಾನದಿಂದ ನೋಡದೆ ಬಾಯಾರಿಕೆ ಕೇಳುವುದು ಮಲೆನಾಡಿನ ಮನೆಗಳ ಹಳೆಯ ರೀತಿ, ಸಂಸ್ಕೃತಿ ಎಂದರೆ ಅದೇ. ಇಬ್ಬರೇ ಪ್ರಯಾಣಿಸುವಾಗ ಹೆಣ್ಣಿನ ನೆಮ್ಮದಿಯೇ ಆ ಪ್ರವಾಸದ ಅಳತೆಗೋಲು. ಶಿವಮೊಗ್ಗದಿಂದ ಲಕ್ಕವಳ್ಳಿವರೆಗೆ, ಮಂಡಗದ್ದೆವರೆಗೆ ಬಾಗಿಲಿಗೆ ಚಿಲಕವಿರುವ, ನೀರು ಬರುವ ಶೌಚಾಲಯ ಎಷ್ಟು ಕಡೆ ಸಿಗುತ್ತದೆ ಎಂದು ಅಧಿಕಾರಿಗಳು ಒಮ್ಮೆ ಆ ದಾರಿಯಲ್ಲಿ ಹೋಗಿ ನೋಡಲಿ. ಸ್ವಾಗತ ಕಮಾನಿಗಿಂತ ಮೊದಲು ಕಟ್ಟಬೇಕಾದದ್ದು ಅದು.

ದೋಣಿಯೇ ಬೇಡ, ಕಾಡು–ನದಿಗಳನ್ನು ಅವುಗಳ ಪಾಡಿಗೆ ಬಿಡಿ ಎನ್ನುವವರೂ ಇದ್ದಾರೆ. ಅವರ ಕಾಳಜಿ ದೊಡ್ಡದು. ಆದರೆ ಯಾರೂ ನೋಡದ ನದಿಯ ಪರವಾಗಿ ಮಾತಾಡುವವರೂ ಇರುವುದಿಲ್ಲ. ಮರಳು ತೆಗೆಯುವವರಿಗೆ, ಕೊಳಚೆ ಬಿಡುವವರಿಗೆ ಅಂಥ ನದಿಯೇ ಅನುಕೂಲ. ನದಿಯಿಂದ ಗೌರವದ ಬದುಕು ಕಟ್ಟಿಕೊಂಡ ದೋಣಿಯವನೇ ಅದರ ಮೊದಲ ಕಾವಲುಗಾರ.

ಹಾಗಾದರೆ ಆಗಬೇಕಾದದ್ದೇನು? ಶಿವಮೊಗ್ಗ ಜಿಲ್ಲಾಡಳಿತ, ಮಹಾನಗರ ಪಾಲಿಕೆ, ಭದ್ರಾವತಿ ನಗರಸಭೆ, ಅರಣ್ಯ ಮತ್ತು ನೀರಾವರಿ ಇಲಾಖೆಗಳು ಒಟ್ಟಿಗೆ ಕೂತು, ಲಕ್ಕವಳ್ಳಿ ಚಿಕ್ಕಮಗಳೂರು ಜಿಲ್ಲೆಗೆ ಸೇರಿರುವುದರಿಂದ ಅಲ್ಲಿನ ಆಡಳಿತವನ್ನೂ ಸೇರಿಸಿಕೊಂಡು, ಎರಡೂ ನದಿಗಳಿಗೆ ಒಂದೇ ದೋಣಿ ನಿಯಮಾವಳಿ ಮಾಡಲಿ. ಯಾವ ತಿಂಗಳಲ್ಲಿ ಎಲ್ಲಿ ದೋಣಿ ನಿಷಿದ್ಧ, ಹಕ್ಕಿಯ ನಡುಗಡ್ಡೆಯಿಂದ ಎಷ್ಟು ದೂರ ನಿಲ್ಲಬೇಕು, ದಿನಕ್ಕೆ ಎಷ್ಟು ಸುತ್ತು, ಒಂದು ದೋಣಿಗೆ ಎಷ್ಟು ಜನ ಎಂಬುದನ್ನು ದಡದಲ್ಲೇ ಕನ್ನಡದಲ್ಲಿ ಬರೆದು ಹಾಕಲಿ. ದೋಣಿ ನಡೆಸುವ ಪರವಾನಗಿಯಲ್ಲಿ ಸ್ಥಳೀಯ ಮೀನುಗಾರರಿಗೆ, ಕಾರ್ಖಾನೆಯಿಂದ ಹೊರಬಿದ್ದ ಕುಟುಂಬಗಳ ಯುವಕ–ಯುವತಿಯರಿಗೆ ಮೊದಲ ಹಕ್ಕು ಸಿಗಲಿ, ಈಜು ಮತ್ತು ಜೀವರಕ್ಷಣೆಯ ತರಬೇತಿ ಕಡ್ಡಾಯವಾಗಲಿ. ವರ್ಷದ ಕೊನೆಯಲ್ಲಿ ಎಷ್ಟು ಲಕ್ಷ ಜನ ಬಂದರು ಎಂದು ಬೀಗುವ ಬದಲು, ಬಂದವರು ಎಷ್ಟು ರಾತ್ರಿ ಉಳಿದರು, ಹಣ ಎಷ್ಟು ಮನೆಗಳಿಗೆ ತಲುಪಿತು, ತುಂಗೆ–ಭದ್ರೆಯರ ನೀರು ಹಿಂದಿನ ವರ್ಷಕ್ಕಿಂತ ಶುದ್ಧವಾಯಿತೇ ಎಂಬ ಲೆಕ್ಕವನ್ನು ಜನರ ಮುಂದಿಡಲಿ. ಇವಕ್ಕೆಲ್ಲ ಬೇಕಾದದ್ದು ನೂರಾರು ಕೋಟಿಯ ಯೋಜನೆಗಿಂತ ಹೆಚ್ಚಾಗಿ ಆಡಳಿತದ ಗಟ್ಟಿ ಮನಸ್ಸು. ಜಾತ್ರೆಗೆಂದು ಕಟ್ಟಿದ ತಾಣ ಜಾತ್ರೆ ಬೇರೆಡೆ ಹೊರಳಿದ ದಿನ ಪಾಳು ಬೀಳುತ್ತದೆ. ಇಬ್ಬರನ್ನು ಚೆನ್ನಾಗಿ ನೋಡಿಕೊಳ್ಳಲು ಕಲಿತ ಊರಿಗೆ ಆ ಇಬ್ಬರು ಮತ್ತೆ ಬರುತ್ತಾರೆ, ಇನ್ನಿಬ್ಬರಿಗೆ ಹೇಳಿ ಕಳಿಸುತ್ತಾರೆ. ಶಿವಮೊಗ್ಗ, ಭದ್ರಾವತಿಗಳು ಆರಿಸಿಕೊಳ್ಳಬೇಕಾದ ದಾರಿ ಅದು.